ಕೆಂಚ ಯಾಕೆ ಬೊಗಳುತ್ತಾನೆ?

ಪ್ರಶ್ನೆ: ನಮ್ಮದು ಮೈಸೂರಿನ ಕುವೆಂಪುನಗರದಲ್ಲಿ ಮೂರನೇ ಮಹಡಿಯ ಫ್ಲ್ಯಾಟು. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಯಜಮಾನರದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಮಗಳು ಎಂಟನೇ ತರಗತಿ. ಅವಳ ಹಟಕ್ಕೆ ನನ್ನ ಆಸೆಯೂ ಸೇರಿ ಮೂರು ವಾರದ ಕೆಳಗೆ ಪ್ರಾಣಿಗಳ ಆಶ್ರಯತಾಣದಿಂದ ಎರಡು ವರ್ಷದ ನಾಟಿ ನಾಯಿಯನ್ನು ದತ್ತು ತಂದೆವು. ಕೆಂಚ ಅಂತ ಹೆಸರಿಟ್ಟೆವು. ಮೊದಲ ನಾಲ್ಕೈದು ದಿನ ಸೋಫಾದ ಹಿಂದೆ ಮುದುಡಿ ಕೂತಿದ್ದ, ಒಂದು ಸ್ವರ ಎತ್ತಲಿಲ್ಲ. ಎಷ್ಟು ಸಾಧು ಅಂದುಕೊಂಡೆವು. ಆಮೇಲೆ ಶುರುವಾಯಿತು. ಕಾಲಿಂಗ್ ಬೆಲ್ ಆದರೆ, ಲಿಫ್ಟ್ ಬಾಗಿಲು ತೆರೆದರೆ, ಎದುರು ಮನೆಯವರು ಚಪ್ಪಲಿ ಬಿಟ್ಟರೂ ಬೊಗಳುತ್ತಾನೆ. ರಾತ್ರಿ ಬೀದಿನಾಯಿಗಳು ಕೂಗಿದರೆ ಬಾಲ್ಕನಿಗೆ ಓಡಿ ಅವುಗಳ ಜೊತೆ ದನಿಗೂಡಿಸುತ್ತಾನೆ. ನಾವು ಊಟಕ್ಕೆ ಕೂತರೆ ಎದುರು ನಿಂತು ಒಂದೇ ಸಮ ಬೊಗಳುತ್ತಾನೆ. ಎಲ್ಲಕ್ಕಿಂತ ಕಷ್ಟ, ನಾವು ಮೂವರೂ ಹೊರಗೆ ಹೋದಾಗ ಊಳಿಡುತ್ತಾನಂತೆ. ಬಾಗಿಲ ಚೌಕಟ್ಟನ್ನೂ ಕೆರೆದಿದ್ದಾನೆ. ಕೆಳಗಿನ ಮನೆಯ ಹುಡುಗ ಈ ವರ್ಷ ದ್ವಿತೀಯ ಪಿಯುಸಿ, ಓದಲು ಆಗುತ್ತಿಲ್ಲ ಅಂತ ಅವನ ತಾಯಿ ಎರಡು ಸಲ ಬಂದು ಹೇಳಿದರು. ಅಸೋಸಿಯೇಷನ್ ಕಾರ್ಯದರ್ಶಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ 'ಸಾಕುನಾಯಿ ಇರುವವರು ತಿಂಗಳೊಳಗೆ ವ್ಯವಸ್ಥೆ ಮಾಡಿಕೊಳ್ಳಬೇಕು' ಎಂದು ಹಾಕಿದ್ದಾರೆ. ಬೊಗಳಿದರೆ ಕರೆಂಟ್ ಹೊಡೆಯುವ ಕಾಲರ್ ಒಂದನ್ನು ಯಜಮಾನರು ಆನ್‌ಲೈನಿನಲ್ಲಿ ತರಿಸಿದ್ದಾರೆ, ಇನ್ನೂ ಹಾಕಿಲ್ಲ. ಊರಿನಿಂದ ಅತ್ತೆ ಫೋನು ಮಾಡಿದಾಗಲೆಲ್ಲ 'ಎಲ್ಲಿಂದ ತಂದಿರೋ ಅಲ್ಲೇ ಬಿಟ್ಟು ಬನ್ನಿ' ಅನ್ನುತ್ತಾರೆ. ಬಿಡಲು ಮನಸ್ಸಿಲ್ಲ. ಏನು ಮಾಡಲಿ?
— ಹೆಸರು ಬೇಡ, ಮೈಸೂರು

ಉತ್ತರ: ಮೊದಲು ನಿಮ್ಮ ಕೊನೆಯ ಮಾತಿಗೆ ಉತ್ತರಿಸುತ್ತೇನೆ. ಈಗಲೇ ವಾಪಸ್ ಬಿಡಬೇಡಿ. ಮೂರು ವಾರ ಬಹಳ ಕಡಿಮೆ ಸಮಯ. ದತ್ತು ಕೊಡುವವರಲ್ಲಿ ಒಂದು ರೂಢಿಯ ಲೆಕ್ಕವಿದೆ: ಹೊಸ ಮನೆಗೆ ಬಂದ ನಾಯಿಯ ದಿಗಿಲು ಇಳಿಯಲು ಮೂರು ದಿನ, ಮನೆಯ ದಿನಚರಿ ಗೊತ್ತಾಗಲು ಮೂರು ವಾರ, ಇದು ನನ್ನ ಮನೆ ಎಂಬ ನಂಬಿಕೆ ಹುಟ್ಟಲು ಮೂರು ತಿಂಗಳು. ಇದು ಎಲ್ಲ ನಾಯಿಗೂ ಅಳತೆ ತಪ್ಪದೆ ಹೊಂದುವ ಲೆಕ್ಕವಲ್ಲ, ಆದರೆ ಅಂದಾಜಿಗೆ ಸಾಕು. ಮೊದಲ ದಿನಗಳಲ್ಲಿ ಕೆಂಚ ಸೋಫಾದ ಹಿಂದೆ ಸದ್ದಿಲ್ಲದೆ ಕೂತಿದ್ದು ಸಾಧುತನದಿಂದಲ್ಲ, ಭಯದಿಂದ. ಆಗ ಅವನಿಗೆ ದನಿ ತೆಗೆಯುವ ಧೈರ್ಯವೂ ಇರಲಿಲ್ಲ. ಈಗ ಬೊಗಳುತ್ತಿದ್ದಾನೆ ಅಂದರೆ ಈ ಮನೆಯನ್ನು ಕಾಯಬೇಕು, ಈ ಜನರನ್ನು ಕರೆಯಬೇಕು ಅನ್ನಿಸುವಷ್ಟು ನೆಲೆ ಅವನಿಗೆ ಸಿಕ್ಕಿದೆ. ನಿಮ್ಮ ತೊಂದರೆ ಇದರಿಂದ ಕಡಿಮೆಯಾಗುವುದಿಲ್ಲ, ನನಗೆ ಗೊತ್ತು. ಆದರೂ ಅವನು ಕೆಡುತ್ತಿಲ್ಲ, ಒಗ್ಗಿಕೊಳ್ಳುತ್ತಿದ್ದಾನೆ ಎಂಬುದನ್ನು ಮನೆಯವರೆಲ್ಲ ತಿಳಿದಿರಬೇಕು.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು 'ಬೊಗಳುತ್ತಾನೆ' ಎಂದು ಒಂದೇ ದೂರು ಬರೆದಿದ್ದೀರಿ, ಆದರೆ ಅದರೊಳಗೆ ನಾಲ್ಕು ಬೇರೆ ಬೇರೆ ಸಂಗತಿಗಳಿವೆ. ಬಾಗಿಲಿನ ಸದ್ದಿಗೆ ಬೊಗಳುವುದು ಎಚ್ಚರಿಕೆ. ರಾತ್ರಿ ಬೀದಿನಾಯಿಗಳಿಗೆ ದನಿಗೂಡಿಸುವುದು ಹಳೆಯ ರೂಢಿ. ಊಟದ ಹೊತ್ತಿನದು ಬೇಡಿಕೆ. ನೀವು ಹೊರಗೆ ಹೋದಾಗಿನದು ಸಂಕಟ. ನಾಲ್ಕಕ್ಕೂ ಒಂದೇ ಮದ್ದು ಹುಡುಕಿದರೆ ಯಾವುದೂ ವಾಸಿಯಾಗುವುದಿಲ್ಲ. ಒಂದಕ್ಕೆ ಸರಿಹೋಗುವ ಉಪಾಯ ಇನ್ನೊಂದನ್ನು ಹೆಚ್ಚು ಮಾಡುತ್ತದೆ. ಬೇಡಿಕೆಯ ಬೊಗಳಾಟಕ್ಕೆ ಕಿವಿಗೊಡದಿರುವುದೇ ಮದ್ದು, ಸಂಕಟದ ಊಳಿಗೆ ಕಿವಿಗೊಡದಿದ್ದರೆ ಅದು ಅನ್ಯಾಯ.

ಇವನ್ನು ಬೇರ್ಪಡಿಸುವುದು ನೀವು ಅಂದುಕೊಂಡಷ್ಟು ಕಷ್ಟವಲ್ಲ. ಹಂಗೆರಿಯ ಬುಡಾಪೆಸ್ಟಿನಲ್ಲಿ ಯೋಟ್ವೋಶ್ ಲೋರಾಂಡ್ ವಿಶ್ವವಿದ್ಯಾಲಯದ ಸಂಶೋಧಕರು ಬೇರೆ ಬೇರೆ ಸಂದರ್ಭಗಳಲ್ಲಿ ನಾಯಿ ಬೊಗಳಿದ್ದನ್ನು ಧ್ವನಿಮುದ್ರಿಸಿ ಜನರಿಗೆ ಕೇಳಿಸಿದರು. ಅಪರಿಚಿತನನ್ನು ಕಂಡಾಗಿನದು, ಒಂಟಿಯಾಗಿ ಕಟ್ಟಿಹಾಕಿದಾಗಿನದು, ಆಟದ್ದು, ಹೀಗೆ. ನಾಯಿಯನ್ನೇ ಸಾಕದವರೂ ಅದು ಯಾವ ಸಂದರ್ಭದ್ದೆಂದು ಗಣನೀಯವಾಗಿ ಸರಿಯಾಗಿ ಗುರುತಿಸಿದರು. ತಗ್ಗಿದ ಸ್ವರದಲ್ಲಿ ಬಿಡುವಿಲ್ಲದೆ ಬೊಗಳಿದರೆ ಅದು ಬೆದರಿಕೆ, ಏರಿದ ಸ್ವರದಲ್ಲಿ ನಡುನಡುವೆ ನಿಲ್ಲಿಸಿ ಕೂಗಿದರೆ ಅಳಲು. ಹಾಗಾಗಿ ಈ ವಾರ ತರಬೇತಿ ಏನೂ ಬೇಡ, ಬರೀ ಗಮನಿಸಿ. ಒಂದು ಹಳೆಯ ಮೊಬೈಲನ್ನು ಹಾಲ್‌ನ ಟಿ.ವಿ. ಮೇಜಿನ ಮೇಲೆ ನಿಲ್ಲಿಸಿ, ವಿಡಿಯೊ ಆನ್ ಮಾಡಿ ಹೊರಗೆ ಹೋಗಿ. ಮಗಳ ಕೈಗೆ ಒಂದು ನೋಟ್‌ಬುಕ್ ಕೊಟ್ಟು, ಎಷ್ಟು ಹೊತ್ತಿಗೆ, ಯಾವುದಕ್ಕೆ, ಎಷ್ಟು ನಿಮಿಷ ಬೊಗಳಿದ ಎಂದು ಬರೆಯಲು ಹೇಳಿ. ವಾರ ಕಳೆಯುವಷ್ಟರಲ್ಲಿ 'ಇಡೀ ದಿನ ಬೊಗಳುತ್ತಾನೆ' ಎಂಬ ಮಾತು ದಿನದ ಇಂತಿಷ್ಟು ಗಳಿಗೆಗಳಿಗೆ ಇಳಿದಿರುತ್ತದೆ.

ಅದೇ ವಾರ ಪಶುವೈದ್ಯರಿಗೂ ತೋರಿಸಿ. ಆಶ್ರಯತಾಣದಲ್ಲಿ ನೋಡಿರುತ್ತಾರೆ, ಆದರೂ ಇನ್ನೊಮ್ಮೆ ನೋಡಿಸಿ. ಕಿವಿಯ ಸೋಂಕು, ಉಣ್ಣೆಯಿಂದ ಬರುವ ಜ್ವರ, ಹಲ್ಲುನೋವು, ಹಳೆಯ ಗಾಯದ ಕೀಲುನೋವು ಇದ್ದರೆ ನಾಯಿ ಸಣ್ಣ ಸದ್ದಿಗೂ ರೇಗುತ್ತದೆ. ನೋವಿರುವ ನಾಯಿಗೆ ಪಾಠ ಹತ್ತುವುದಿಲ್ಲ.

ಇನ್ನು ಬಾಗಿಲಿನ ವಿಷಯ. ಕೆಂಚ ಬೊಗಳಿದಾಗ ನೀವೆಲ್ಲ 'ಏಯ್, ಸುಮ್ನಿರು!' ಎಂದು ಕೂಗುತ್ತಿರಬಹುದು. ಎಲ್ಲರ ಮನೆಯಲ್ಲೂ ಇದೇ ಆಗುತ್ತದೆ. ನೀವು ಗಟ್ಟಿಯಾಗಿ ಕೂಗಿದರೆ ಅವನ ಪಾಲಿಗೆ ನೀವೂ ಜೊತೆಗೆ ನಿಂತು ಬೊಗಳಿದ ಹಾಗೆ. ಕೂಗುವುದನ್ನು ಇವತ್ತೇ ನಿಲ್ಲಿಸಿ. ಬೀದಿಯಲ್ಲಿ ಹುಟ್ಟಿ ಬೆಳೆದ ನಾಯಿಗೆ ಲಿಫ್ಟಿನ ಕಬ್ಬಿಣದ ಸದ್ದು, ಗೋಡೆಯಾಚೆಯ ಹೆಜ್ಜೆ ಸಪ್ಪಳ ಎಲ್ಲವೂ ಹೊಸದು. ನಮಗೆ 20 ಸಾವಿರ ಹರ್ಟ್ಸ್‌ವರೆಗಿನ ಸದ್ದು ಕೇಳಿದರೆ ನಾಯಿಗೆ ಅದರ ಎರಡರಷ್ಟು ಮೇಲಿನದೂ ಕೇಳುತ್ತದೆ. ಅವನು ಸುಮ್ಮಸುಮ್ಮನೆ ಬೊಗಳುತ್ತಾನೆ ಎಂದು ನಿಮಗೆ ಅನ್ನಿಸುವ ಎಷ್ಟೋ ಸಲ ಅವನಿಗೆ ಏನೋ ಕೇಳಿಸಿರುತ್ತದೆ.

ಅಭ್ಯಾಸ ಹೀಗೆ ಮಾಡಿ. ನಿಮ್ಮ ಮನೆಯ ಕಾಲಿಂಗ್ ಬೆಲ್ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಉಪ್ಪು, ಮಸಾಲೆ ಹಾಕದೆ ಬೇಯಿಸಿದ ಕೋಳಿಯನ್ನು ಕಡಲೆಕಾಳಿನ ಗಾತ್ರಕ್ಕೆ ಹೆಚ್ಚಿ ಒಂದು ಡಬ್ಬಿಯಲ್ಲಿಡಿ. ಮಾಂಸ ಮಾಡದ ಮನೆಯಾದರೆ ಪನೀರೋ ಬೇಯಿಸಿದ ಗೆಣಸೋ ಆಗುತ್ತದೆ. ಕೆಂಚ ಆರಾಮಾಗಿ ಮಲಗಿರುವಾಗ ಆ ಸದ್ದನ್ನು ಅತಿ ಸಣ್ಣಗೆ ಹಾಕಿ. ಅವನ ಕಿವಿ ಮಾತ್ರ ಅಲುಗಬೇಕು, ಮೈ ಏಳಬಾರದು, ಅಷ್ಟು ಸಣ್ಣಗೆ. ಕಿವಿ ಅಲುಗಿತೋ, ತಕ್ಷಣ ಒಂದು ಚೂರು ಬಾಯಿಗೆ. ಮತ್ತೆ ಸದ್ದು, ಮತ್ತೆ ಚೂರು. ಐದು ನಿಮಿಷದೊಳಗೆ ಮುಗಿಸಿ. ಸದ್ದು ಮೊದಲು, ತಿಂಡಿ ಆಮೇಲೆ, ಈ ಕ್ರಮ ತಪ್ಪಬಾರದು. ಕೆಲವು ದಿನಗಳಲ್ಲಿ ಸದ್ದಾದ ಕೂಡಲೇ ಅವನು ಬಾಗಿಲು ಬಿಟ್ಟು ನಿಮ್ಮ ಕೈ ನೋಡತೊಡಗುತ್ತಾನೆ. ಆಗ ಸದ್ದನ್ನು ಒಂದು ಗೆರೆ ಹೆಚ್ಚಿಸಿ. ಬೊಗಳಿದನೋ, ನೀವು ಆತುರಪಟ್ಟಿದ್ದೀರಿ ಎಂದರ್ಥ, ಎರಡು ಗೆರೆ ಹಿಂದಕ್ಕೆ ಹೋಗಿ. ಮೊಬೈಲಿನ ಸದ್ದಿಗೆ ಒಗ್ಗಿದ ಮೇಲೆ ಮಗಳನ್ನು ಹೊರಗೆ ನಿಲ್ಲಿಸಿ ನಿಜವಾದ ಬೆಲ್ ಒತ್ತಿಸಿ. ಬಾಗಿಲಿನಿಂದ ದೂರದಲ್ಲಿ ಅವನಿಗೊಂದು ಚಾಪೆ ಹಾಸಿ, ಬೆಲ್ ಆದಾಗಲೆಲ್ಲ ತಿಂಡಿಯನ್ನು ಆ ಚಾಪೆಯ ಮೇಲೆಯೇ ಹಾಕಿ. ಬೆಲ್ ಆಯಿತೆಂದರೆ ಚಾಪೆಗೆ ಹೋಗಬೇಕು ಎಂಬುದು ತಾನಾಗಿಯೇ ರೂಢಿಯಾಗುತ್ತದೆ. ಈ ಕೆಲಸ ಆಗುವವರೆಗೆ ಬಾಗಿಲಿಗೆ 'ದಯವಿಟ್ಟು ಬೆಲ್ ಒತ್ತಬೇಡಿ, ಫೋನ್ ಮಾಡಿ' ಎಂಬ ಚೀಟಿ ಅಂಟಿಸಿ. ಡೆಲಿವರಿಯವರು ಕೇಳುತ್ತಾರೆ.

ಇಷ್ಟೆಲ್ಲ ಆದ ಮೇಲೂ ಅವನು ಒಂದೆರಡು ಸಲ ಬೊಗಳಿದರೆ ಬಿಡಿ. ಅಪರಿಚಿತರು ಬಂದಾಗ ತಿಳಿಸುವುದು ನಾಯಿಯ ಸ್ವಭಾವ. ನೀವು ಎದ್ದು ಹೋಗಿ ನೋಡಿ, 'ಸರಿ, ನೋಡಿದೆ' ಎಂದು ಮೆಲ್ಲಗೆ ಹೇಳಿ ಅವನನ್ನು ಚಾಪೆಗೆ ಕರೆದರೆ ಸಾಕು.

ರಾತ್ರಿಯದು ಇನ್ನೂ ಸುಲಭ. ಬಾಲ್ಕನಿ ಬಾಗಿಲು ಕತ್ತಲಾದ ಮೇಲೆ ಮುಚ್ಚಿರಲಿ, ದಪ್ಪ ಪರದೆ ಎಳೆದಿರಲಿ, ಅವನ ಹಾಸಿಗೆ ಬೀದಿಯ ಕಡೆ ಬೇಡ. ಒಳಕೋಣೆಯಲ್ಲಿ, ಸಾಧ್ಯವಾದರೆ ನಿಮ್ಮ ಮಂಚದ ಪಕ್ಕದಲ್ಲೇ ಇರಲಿ. ಫ್ಯಾನಿನ ಸದ್ದು ಹೊರಗಿನ ಸದ್ದನ್ನು ಎಷ್ಟೋ ಮರೆಸುತ್ತದೆ. ಕೆಂಚ ಎರಡು ವರ್ಷ ಯಾವುದೋ ಬೀದಿಯಲ್ಲಿ ಬದುಕಿದ್ದರೆ, ರಾತ್ರಿ ಒಂದು ನಾಯಿ ಕೂಗಿದಾಗ ಉಳಿದವು ಓಗೊಡುವುದು ಅಲ್ಲಿ ಬದುಕುವ ರೀತಿಯಾಗಿತ್ತು. ಅದು ಒಂದೇ ವಾರದಲ್ಲಿ ಹೋಗುವುದಿಲ್ಲ, ಆದರೆ ಕೇಳಿಸದೆ ಇದ್ದರೆ ಕ್ರಮೇಣ ಮಾಸುತ್ತದೆ. ಮಲಗುವ ಮುಂಚೆ ಒಂದು ಸುತ್ತು ಹೊರಗೆ ಕರೆದೊಯ್ಯುವುದನ್ನು ತಪ್ಪಿಸಬೇಡಿ. ಹೋದಾಗ ಬೆಲ್ಟ್ ಹಿಡಿದು ಎಳೆಯಬೇಡಿ, ಮರ, ಕಂಬ, ಹುಲ್ಲು ಎಲ್ಲವನ್ನೂ ಮನಸಾರೆ ಮೂಸಲು ಬಿಡಿ. ಮೂಗಿಗೆ ಸಿಕ್ಕ ಕೆಲಸ ನಾಯಿಯ ಮೈಮನಸ್ಸನ್ನು ದಣಿಸುತ್ತದೆ. ಅವಸರದಲ್ಲಿ ನಡೆಸಿಕೊಂಡು ಬರುವ ದೂರಕ್ಕಿಂತ ಮೂಸುತ್ತ ನಿಂತ ಇಪ್ಪತ್ತು ನಿಮಿಷ ಹೆಚ್ಚು ಕೆಲಸ ಮಾಡುತ್ತದೆ.

ಊಟದ ಹೊತ್ತಿನ ಬೊಗಳಾಟಕ್ಕೆ ಒಂದೇ ನಿಯಮ: ಬೊಗಳಿದಾಗ ಯಾರೂ ಏನೂ ಕೊಡಬಾರದು, ನೋಡಬಾರದು, ಬೈಯಲೂಬಾರದು. ಬೈಗುಳವೂ ಅವನಿಗೆ ಗಮನವೇ. ಅವನು ಸುಮ್ಮನಾದ ಆ ಒಂದೆರಡು ಕ್ಷಣಕ್ಕೆ ಕಾದಿದ್ದು ಆಗ ಕೊಡಿ. ಮೊದಲ ಕೆಲವು ದಿನ ಬೊಗಳಾಟ ಜೋರಾಗುತ್ತದೆ. ಇದುವರೆಗೆ ಫಲ ಕೊಟ್ಟ ಉಪಾಯ ಈಗ ಫಲಿಸದಿದ್ದಾಗ ಅವನು ಇನ್ನಷ್ಟು ಬಲ ಹಾಕಿ ನೋಡುತ್ತಾನೆ. ಅಲ್ಲಿ ಯಾರಾದರೂ ಸೋತು ಒಂದು ತುಂಡು ಚಪಾತಿ ಎಸೆದರೋ, ಇನ್ನೂ ಜೋರಾಗಿ ಬೊಗಳಬೇಕು ಎಂಬುದನ್ನು ಅವನು ಕಲಿಯುತ್ತಾನೆ. ಮನೆಯವರೆಲ್ಲ ಒಂದೇ ಮಾತಿಗೆ ನಿಲ್ಲದಿದ್ದರೆ ಈ ಪಾಠಕ್ಕೆ ಕೈಹಾಕಲೇಬೇಡಿ. ನೀವು ಊಟಕ್ಕೆ ಕೂರುವ ಮುಂಚೆಯೇ ಅವನ ಊಟ ಮುಗಿಸುವುದು ಇನ್ನೂ ಒಳ್ಳೆಯದು. ಹಳೆಯ ಟವೆಲ್ಲಿನ ಮಡಿಕೆಗಳಲ್ಲಿ ಅವನ ತಿಂಡಿಯ ಕಾಳು ಉದುರಿಸಿ ಸುರುಳಿ ಸುತ್ತಿ ಕೊಡಿ, ಬಿಡಿಸಿ ಹುಡುಕುವುದರಲ್ಲಿ ಹೊತ್ತು ಹೋಗುತ್ತದೆ. ನಿಮ್ಮ ತಟ್ಟೆಯಿಂದ ಕೊಡುವ ಅಭ್ಯಾಸವಿದ್ದರೆ ಒಂದು ಎಚ್ಚರಿಕೆ: ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು ನಾಯಿಗೆ ವಿಷ. ನಮ್ಮ ಸಾರು, ಪಲ್ಯ, ಪಾಯಸದಲ್ಲಿ ಇವುಗಳಲ್ಲಿ ಒಂದಾದರೂ ಇದ್ದೇ ಇರುತ್ತದೆ.

ಈಗ ನಿಜವಾದ ಕಷ್ಟಕ್ಕೆ ಬರುತ್ತೇನೆ. ಒಂಟಿಯಾದಾಗ ಊಳಿಡುವುದು, ಬಾಗಿಲು ಕೆರೆಯುವುದು ಹಟವಲ್ಲ, ಸೇಡೂ ಅಲ್ಲ. ಅದು ಅಗಲಿಕೆಯ ಭಯ. ಒಮ್ಮೆ ಮನೆ, ಜನ ಎಲ್ಲವನ್ನೂ ಕಳೆದುಕೊಂಡು ಆಶ್ರಯತಾಣ ಸೇರಿದ ನಾಯಿಗಳಲ್ಲಿ ಇದು ಸಾಮಾನ್ಯ. ಬಾಗಿಲು ಮುಚ್ಚಿದ ಮೇಲೆ ನೀವು ಮರಳಿ ಬರುತ್ತೀರಿ ಎಂಬ ಭರವಸೆ ಅವನಿಗಿನ್ನೂ ಹುಟ್ಟಿಲ್ಲ. ವಿಡಿಯೊ ನೋಡಿದರೆ ನಿಮಗೇ ಗೊತ್ತಾಗುತ್ತದೆ. ಬೇಸರಕ್ಕೆ ಬೊಗಳುವ ನಾಯಿ ನಡುನಡುವೆ ಮಲಗುತ್ತದೆ, ಏನನ್ನೋ ಕಚ್ಚಿ ಆಡುತ್ತದೆ. ಭಯಪಟ್ಟ ನಾಯಿ ನೀವು ಹೋದ ಕೆಲವೇ ನಿಮಿಷಗಳಲ್ಲಿ ಏದುಸಿರು ಬಿಡುತ್ತದೆ, ಜೊಲ್ಲು ಸುರಿಸುತ್ತದೆ, ಬಾಗಿಲಿಗೂ ಕಿಟಕಿಗೂ ಅಲೆಯುತ್ತದೆ, ಇಟ್ಟ ತಿಂಡಿಯನ್ನು ಮುಟ್ಟುವುದಿಲ್ಲ.

ಇದಕ್ಕೆ ಮದ್ದು ನಿಧಾನದ್ದು. ನೀವು ಹೊರಡುವ ಗುರುತುಗಳನ್ನೆಲ್ಲ ಕೆಂಚ ಓದಿಕೊಂಡಿದ್ದಾನೆ: ಬೀಗದ ಕೈ ಸದ್ದು, ಬ್ಯಾಗು, ಚಪ್ಪಲಿ. ಆ ಗುರುತುಗಳ ಹೆದರಿಕೆ ಮೊದಲು ಹೋಗಬೇಕು. ಬೀಗದ ಕೈ ಎತ್ತಿಕೊಂಡು ಅಡುಗೆಮನೆಗೆ ಹೋಗಿ ಕಾಫಿ ಮಾಡಿಕೊಳ್ಳಿ. ಚಪ್ಪಲಿ ಮೆಟ್ಟಿ ಬಂದು ಸೋಫಾದಲ್ಲಿ ಕೂತು ಪೇಪರ್ ಓದಿ. ದಿನಕ್ಕೆ ಹಲವು ಸಲ ಹೀಗೆ ಮಾಡಿದರೆ ಬೀಗದ ಕೈ ಅಲುಗಿದಾಗ ಅವನು ತಲೆಯೆತ್ತದೆ ಮಲಗಿರುವ ದಿನ ಬರುತ್ತದೆ. ಆಮೇಲೆ ಬಾಗಿಲು ತೆರೆದು ಮುಚ್ಚಿ, ಒಳಗೇ ಇರಿ. ಆಮೇಲೆ ಹೊರಗೆ ಹೆಜ್ಜೆಯಿಟ್ಟು ಐದು ಸೆಕೆಂಡಿಗೆ ಒಳಗೆ ಬನ್ನಿ. ಬಂದಾಗ ಮುದ್ದಾಟ ಬೇಡ, ಏನೂ ಆಗಿಲ್ಲವೆಂಬಂತೆ ನಿಮ್ಮ ಕೆಲಸಕ್ಕೆ ಹೋಗಿ. ಹತ್ತು ಸೆಕೆಂಡು, ಅರ್ಧ ನಿಮಿಷ, ಮತ್ತೆ ಹತ್ತು ಸೆಕೆಂಡು, ಒಂದು ನಿಮಿಷ, ಹೀಗೆ ಏರಿಳಿಸುತ್ತ ಹೋಗಬೇಕು. ವಿಡಿಯೊದಲ್ಲಿ ಅವನು ಚಡಪಡಿಸಲು ಶುರುಮಾಡುವ ಹೊತ್ತೇ ಅವನ ಮಿತಿ. ಅದಕ್ಕಿಂತ ಮುಂಚೆಯೇ ನೀವು ಒಳಗೆ ಬಂದಿರಬೇಕು. ಮೊದಲ ಅರ್ಧ ಗಂಟೆ ಗೆಲ್ಲುವುದೇ ಕಷ್ಟ. ಅರ್ಧ ಗಂಟೆ ನೆಮ್ಮದಿಯಾಗಿ ಮಲಗಲು ಕಲಿತ ನಾಯಿಯನ್ನು ಎರಡು ಗಂಟೆಗೆ ಒಯ್ಯುವುದು ಅಷ್ಟು ಹೊತ್ತಿನ ಕೆಲಸವಲ್ಲ. ಹೊರಡುವಾಗ ಮೊಸರನ್ನ ಸವರಿ ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡಿದ ತಟ್ಟೆಯೊಂದನ್ನು ಅವನ ಮುಂದಿಡಿ. ನೆಕ್ಕುತ್ತ ಕೂತರೆ ಮನಸ್ಸು ತಣಿಯುತ್ತದೆ. ಆದರೆ ಇದು ಅಭ್ಯಾಸಕ್ಕೆ ಜೊತೆ ಮಾತ್ರ, ಅಭ್ಯಾಸದ ಬದಲಿ ಅಲ್ಲ.

ಈ ಅಭ್ಯಾಸ ನಡೆಯುವಾಗ ಅವನನ್ನು ಮಿತಿ ಮೀರಿ ಒಂಟಿ ಬಿಡಬಾರದು ಎಂಬುದೇ ಎಲ್ಲಕ್ಕಿಂತ ಕಷ್ಟದ ಶರತ್ತು. ಬೆಳಿಗ್ಗೆ ಹತ್ತು ನಿಮಿಷ ಕಲಿಸಿ ಮಧ್ಯಾಹ್ನ ಐದು ಗಂಟೆ ಊಳಿಡಲು ಬಿಟ್ಟರೆ ಕಲಿತದ್ದೆಲ್ಲ ಅಳಿಸಿಹೋಗುತ್ತದೆ. ಕೆಲಸಕ್ಕೆ ಹೋಗುವ ಮನೆಯಲ್ಲಿ ಇದು ಹೇಗೆ ಸಾಧ್ಯ ಎಂದು ನೀವು ಕೇಳುತ್ತೀರಿ. ಯಜಮಾನರ ಶಿಫ್ಟ್ ಇಲ್ಲಿ ಅನುಕೂಲಕ್ಕೆ ಬರುತ್ತದೆ. ಅವರು ಎರಡನೇ ಪಾಳಿಗೋ ರಾತ್ರಿ ಪಾಳಿಗೋ ಹೋಗುವ ವಾರಗಳಲ್ಲಿ ಹಗಲಿನ ಒಂಟಿ ಹೊತ್ತು ಕಡಿಮೆ. ಉಳಿದ ದಿನಕ್ಕೆ ನಾಯಿ ಇಷ್ಟಪಡುವ ಪಕ್ಕದ ಮನೆಯ ಹಿರಿಯರನ್ನೋ ಕಾಲೇಜು ಹುಡುಗರನ್ನೋ ಕೇಳಿ. ನಿಮ್ಮ ಅತ್ತೆಯವರನ್ನೇ ಯಾಕೆ ಒಂದು ತಿಂಗಳು ಕರೆಸಿಕೊಳ್ಳಬಾರದು? 'ಅತ್ತೆ, ನಿಮ್ಮ ಸಹಾಯ ಬೇಕು, ನೀವು ಮನೆಯಲ್ಲಿದ್ದರೆ ನಾಯಿ ಸುಮ್ಮನಿರುತ್ತೆ' ಎಂದು ನೀವೇ ಫೋನಿನಲ್ಲಿ ಹೇಳಿ. ದೂರದಿಂದ 'ಬಿಟ್ಟು ಬನ್ನಿ' ಅನ್ನುವವರು ಹತ್ತಿರ ಬಂದು ಅವನಿಗೊಂದು ತುತ್ತು ಹಾಕಿದ ಮೇಲೆ ಆ ಮಾತನ್ನೇ ಆಡದಿರುವುದನ್ನು ನಾನು ಬಹಳ ಮನೆಗಳಲ್ಲಿ ಕಂಡಿದ್ದೇನೆ. ಜೊತೆಗಿರಲಿ ಎಂದು ಇನ್ನೊಂದು ನಾಯಿಯನ್ನು ಮಾತ್ರ ತರಬೇಡಿ. ಕೆಂಚನಿಗೆ ಬೇಕಾದದ್ದು ನೀವು. ಆಮೇಲೆ ಎರಡು ನಾಯಿಗಳ ಊಳು ಕೇಳಬೇಕಾದೀತು.

ಒಂದೆರಡು ತಿಂಗಳ ಪ್ರಯತ್ನದ ಮೇಲೂ ಭಯ ಇಳಿಯದಿದ್ದರೆ, ಅಥವಾ ಬಾಗಿಲು ಕೆರೆದು ಉಗುರು ಕಿತ್ತುಕೊಳ್ಳುವಷ್ಟು ತೀವ್ರವಾಗಿದ್ದರೆ, ಔಷಧಿ ಬೇಕಾಗಬಹುದು. ನಾಯಿಗಳ ಅಗಲಿಕೆಯ ಭಯಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2007ರಲ್ಲಿ ಫ್ಲುಯೊಕ್ಸೆಟಿನ್ ಎಂಬ ಔಷಧಿಗೆ ಒಪ್ಪಿಗೆ ಕೊಟ್ಟಿದೆ. ಪಶುವೈದ್ಯರು ನೋಡಿ ಬರೆದುಕೊಟ್ಟರೆ ಹಿಂಜರಿಯಬೇಡಿ. ಅದು ಮಂಪರು ಬರಿಸಿ ಬಾಯಿ ಮುಚ್ಚಿಸುವ ಮದ್ದಲ್ಲ, ಕಲಿಯುವಷ್ಟು ನೆಮ್ಮದಿ ಕೊಡುವ ಮದ್ದು. ಮನುಷ್ಯರ ಗುಳಿಗೆಯನ್ನು ನೀವೇ ಅಂದಾಜು ಮಾಡಿ ಕೊಡುವುದು ಮಾತ್ರ ಖಂಡಿತ ಬೇಡ.

ಯಜಮಾನರು ತರಿಸಿದ ಕಾಲರ್ ಬಗ್ಗೆ ನನ್ನ ಮಾತು ಕಟುವಾಗಿರುತ್ತದೆ. ಅದನ್ನು ಹಾಕಬೇಡಿ. ಹೆದರಿ ಕೂಗುವ ಪ್ರಾಣಿಯ ಕತ್ತಿಗೆ ಕರೆಂಟ್ ಹೊಡೆದರೆ ಹೆದರಿಕೆ ಹೋಗುವುದಿಲ್ಲ, ಇಮ್ಮಡಿಯಾಗುತ್ತದೆ. ನೀವು ಹೋದಾಗ ಒಂಟಿತನ ಮಾತ್ರವಲ್ಲ, ನೋವೂ ಬರುತ್ತದೆ ಎಂದು ಅವನು ಕಲಿಯುತ್ತಾನೆ. ಬೆಲ್ ಒತ್ತಿದವರನ್ನು ಕಂಡಾಗ ನೋವಾದರೆ, ಬರುವವರ ಮೇಲೆ ಸಿಟ್ಟು ಬೆಳೆದು ನಾಳೆ ಕಚ್ಚಲೂಬಹುದು. ಸದ್ದು ನಿಂತರೂ ಸಂಕಟ ಒಳಗೇ ಉಳಿದು, ಮೈ ಕಚ್ಚಿಕೊಳ್ಳುವುದು, ಮನೆಯೊಳಗೆ ಮೂತ್ರ ಮಾಡುವುದು, ಹೀಗೆ ಬೇರೆ ದಾರಿ ಹುಡುಕುತ್ತದೆ. ವೇಲ್ಸ್ ದೇಶ 2010ರಲ್ಲೇ ಇಂಥ ಕಾಲರುಗಳನ್ನು ನಿಷೇಧಿಸಿತು. ನಮ್ಮ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೂ ಪ್ರಾಣಿಗೆ ಅನಗತ್ಯ ನೋವು ಕೊಡುವುದನ್ನು ಅಪರಾಧವೆನ್ನುತ್ತದೆ. ಬಾಯಿ ಬಿಗಿಯಾಗಿ ಕಟ್ಟುವುದೂ ಬೇಡ. ನಾಯಿ ಮೈ ತಂಪು ಮಾಡಿಕೊಳ್ಳುವುದೇ ಬಾಯ್ತೆರೆದು ಉಸಿರಾಡಿ. ಯಜಮಾನರು ಕೆಟ್ಟ ಮನಸ್ಸಿನಿಂದ ತರಿಸಿರಲಾರರು, ದೂರು ಕೇಳಿ ಕೇಳಿ ಸೋತು ತರಿಸಿದ್ದಾರೆ. ಬಾಗಿಲಿನ ಅಭ್ಯಾಸವನ್ನು ಅವರ ಕೈಗೇ ಒಪ್ಪಿಸಿ. ಫಲ ಕಾಣುವ ಕೆಲಸ ಅದು.

ಅಸೋಸಿಯೇಷನ್ ವಿಷಯ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ನಿವಾಸಿಗಳ ಸಂಘ ಬಹುಮತದಿಂದಲೂ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಬೊಗಳುವುದನ್ನು ಅದಕ್ಕೆ ಕಾರಣ ಮಾಡುವಂತಿಲ್ಲ. ಅದೇ ಮಾರ್ಗಸೂಚಿ, ಮುಖ್ಯವಾಗಿ ರಾತ್ರಿ ಹೊತ್ತು, ನೆರೆಯವರಿಗೆ ತೊಂದರೆಯಾಗದಂತೆ ನೋಡಿಕೊಳ್ಳಿ ಎಂದು ನಾಯಿ ಸಾಕಿದವರಿಗೂ ಹೇಳುತ್ತದೆ. ಈ ಕಾಗದವನ್ನು ಕಾರ್ಯದರ್ಶಿಗೆ ತೋರಿಸಿ, ಆದರೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ವಾದಕ್ಕಿಳಿಯಬೇಡಿ. ಕೆಳಗಿನ ಮನೆಗೆ ನೀವೂ ಯಜಮಾನರೂ ಒಟ್ಟಿಗೆ ಹೋಗಿ. ಏನು ಮಾಡುತ್ತಿದ್ದೀರಿ, ಎಷ್ಟು ದಿನ ಹಿಡಿಯುತ್ತದೆ ಎಂದು ಬಿಡಿಸಿ ಹೇಳಿ. ಹುಡುಗ ಓದುವ ಹೊತ್ತು ಕೇಳಿ ಬರೆದುಕೊಂಡು, ಆ ಹೊತ್ತಿಗೆ ಕೆಂಚನನ್ನು ಹೊರಗೆ ವಾಕಿಂಗ್ ಕರೆದೊಯ್ಯಿರಿ. ಪರೀಕ್ಷೆಯ ದಿನಗಳಲ್ಲಿ ಅವನನ್ನು ಒಂಟಿ ಬಿಡುವುದಿಲ್ಲ ಎಂದು ಮಾತು ಕೊಟ್ಟು ಉಳಿಸಿಕೊಳ್ಳಿ. ಆ ತಾಯಿಯ ಆತಂಕವೂ ನಿಮ್ಮದಷ್ಟೇ ನಿಜ.

ಮೂರು ತಿಂಗಳು ಮನಸ್ಸಿಟ್ಟು ಮಾಡಿ, ವೈದ್ಯರ ಸಲಹೆಯನ್ನೂ ಪಡೆದು, ಆಮೇಲೂ ಅವನು ಸಂಕಟದಲ್ಲೇ ಇದ್ದರೆ, ಆಗ ಆಶ್ರಯತಾಣದವರೊಂದಿಗೆ ಮಾತಾಡಿ. ಹಗಲೆಲ್ಲ ಜನರಿರುವ ಮನೆಯೋ, ಕಾಂಪೌಂಡು, ತೋಟ ಇರುವ ಮನೆಯೋ ಹುಡುಕಿಕೊಡುವುದು ಸೋಲಲ್ಲ. ಬೀದಿಗೆ ಬಿಡುವುದು ಮಾತ್ರ ಯಾವ ಕಾರಣಕ್ಕೂ ಕೂಡದು. ಮನೆಗೆ ಒಗ್ಗಿದ ನಾಯಿ ಅಲ್ಲಿ ಮತ್ತೆ ಬದುಕಿ ಉಳಿಯುವುದು ಕಷ್ಟ.

ದತ್ತು ತರಬೇಕೆಂದಿರುವ ಉಳಿದ ಓದುಗರಿಗೂ ಒಂದು ಮಾತು. ನಾಯಿ ಆರಿಸುವಾಗ ಬಣ್ಣ, ಮುಖ ನೋಡಿ ಸುಮ್ಮನಾಗಬೇಡಿ. ಅದು ಒಂಟಿಯಾಗಿ ಹೇಗಿರುತ್ತದೆ, ಸದ್ದಿಗೆ ಹೆದರುತ್ತದೆಯೇ ಎಂದು ಆಶ್ರಯತಾಣದವರನ್ನು ಕೇಳಿ. ಮನೆಗೆ ತಂದ ಮೊದಲ ವಾರಕ್ಕೆ ರಜೆ ಹಾಕಿ, ಆ ವಾರದಲ್ಲೇ ದಿನಕ್ಕಿಷ್ಟು ಎಂದು ಒಂಟಿತನದ ಅಭ್ಯಾಸ ಶುರುಮಾಡಿ. ದೀಪಾವಳಿಯ ಆಸುಪಾಸಿನಲ್ಲಿ ಮಾತ್ರ ತರಬೇಡಿ, ಪಟಾಕಿ ಸದ್ದು ಮುಗಿದು ಊರು ತಣ್ಣಗಾದ ಮೇಲೆ ಹೋಗಿ ಕರೆತನ್ನಿ.